ಹಾಲು ಕರೆಯುವಾಗ ಬಿಚ್ಚಿಡುವ ವಾಚು

ನನ್ನ ಎರಡು ಕೈಗೆ ಎರಡು ವಾಚು ಕಟ್ಟಿದರು. ಎರಡೂ ಹೊತ್ತು ನೋಡುವುದಕ್ಕಲ್ಲ. ಹೊತ್ತು ಎಷ್ಟಾಯಿತು ಅಂತ ನನಗೆ ಕೊಟ್ಟಿಗೆಯ ಹಸುಗಳೇ ಹೇಳುತ್ತವೆ. ಇವು ನನ್ನ ಎದೆ ನೋಡುವುದಕ್ಕೆ. ಎಡಗೈಯದು ಮಗ ತಂದದ್ದು, ಬೆರಳಗಲದ ಕರಿ ರಬ್ಬರಿನ ಪಟ್ಟಿ. ಬಲಗೈಯದು ಮಗಳು ತಂದದ್ದು, ಗಾಜಿನ ಮುಖದ ದೊಡ್ಡ ವಾಚು, ಒಳ್ಳೆ ಕಡಸಿನ ಬೆಲೆ ಬಾಳುತ್ತದಂತೆ. ಇವುಗಳಲ್ಲಿ ಯಾವುದು ಮೇಲು ಅಂತ ಊರಲ್ಲಿ ಈಗಲೂ ನನ್ನನ್ನು ಕೇಳುತ್ತಾರೆ. ಎದೆ ಕೆಟ್ಟವರೂ ಕೇಳುತ್ತಾರೆ, ಕೆಡದವರೂ ಕೇಳುತ್ತಾರೆ. ಕೆಟ್ಟವರಿಗೋಸ್ಕರ ಇದನ್ನು ಬರೆದಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮೂರು ಸಾಸಲಿಗೆ ಹತ್ತಿರ. ಮನೆಯಲ್ಲಿ ನಾನು, ಮಗ ರಾಮಾಂಜಿ, ಸೊಸೆ ಮಂಜುಳ. ಮಗ ಸೊಪ್ಪು ತರಕಾರಿಯ ಟೆಂಪೊ ಓಡಿಸುತ್ತಾನೆ. ಸೊಸೆ ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ನನ್ನ ಪಾಲಿಗೆ ಎರಡು ಸೀಮೆಹಸು, ಕೆಂಪಿ ಮತ್ತು ಚುಕ್ಕಿ. ಕೆಂಪಿ ಸಾಧು. ಚುಕ್ಕಿ ಒದೆಯುತ್ತಾಳೆ. ನನ್ನ ಕೈ ಬಿಟ್ಟು ಇನ್ನೊಬ್ಬರ ಕೈ ಕೆಚ್ಚಲಿಗೆ ಸೋಕಿದರೆ ಬಕೆಟ್ಟು ಒಂದು ಕಡೆ, ಕರೆಯುವವರು ಒಂದು ಕಡೆ. ನನ್ನನ್ನೂ ಒದೆಯುತ್ತಾಳೆ, ಆದರೆ ಕಡಿಮೆ. ಎರಡು ಹೊತ್ತೂ ನಾನೇ ಕರೆದು ಡೇರಿಗೆ ಹಾಕುತ್ತಿದ್ದೆ. ಗಂಡ ಸತ್ತ ಮೇಲೆ ಈ ಕೆಲಸ ಇಲ್ಲದ ಬೆಳಗು ನಾನು ಕಂಡಿಲ್ಲ, ಕಾಣುವ ಆಸೆಯೂ ಇಲ್ಲ.

ಒಂದು ದಿನ ಹಸಿಹುಲ್ಲಿನ ಹೊರೆ ಇಳಿಸಿದೆ. ಎದೆಯೊಳಗೆ ಏನೋ ಎದ್ದಿತು. ಗೋಣಿಚೀಲಕ್ಕೆ ತುಂಬಿದ ಕೋಳಿ ಒದ್ದಾಡುತ್ತದಲ್ಲ, ಹಾಗೆ. ನೋವಿಲ್ಲ. ಬರೀ ಒದ್ದಾಟ, ಒಂದು ಲೆಕ್ಕಕ್ಕೆ ಸಿಗದ ಒದ್ದಾಟ. ಕೂತೆ. ಸ್ವಲ್ಪ ಹೊತ್ತಿಗೆ ಅದೇ ನಿಂತಿತು. ಹೊಟ್ಟೆ ಉಬ್ಬರ ಅಂದುಕೊಂಡು ಓಮದ ನೀರು ಕುಡಿದೆ, ಯಾರಿಗೂ ಹೇಳಲಿಲ್ಲ. ಅದು ಮತ್ತೆ ಬಂತು, ಮತ್ತೆ ಹೋಯಿತು. ಕೊನೆಗೊಂದು ಸಾರಿ ನಾನು ಕಂಬ ಹಿಡಿದು ನಿಂತದ್ದನ್ನು ಮಂಜುಳ ನೋಡಿಬಿಟ್ಟಳು.

"ಏನತ್ತೆ, ಕಂಬ ಬೀಳ್ತದೆ ಅಂತ ಹಿಡ್ಕಂಡಿದೀರಾ?"

"ಹೂಂ ಕಣೇ, ನಿಮ್ಮಾವ ಕಟ್ಟಿಸಿದ್ದು ನೋಡು, ಗಟ್ಟಿಯಿಲ್ಲ."

ಅವಳು ನಗಲಿಲ್ಲ. ಅವತ್ತೇ ಗಂಡನಿಗೆ ಹೇಳಿದಳು.

ಆಸ್ಪತ್ರೆಗೆ ಹೋದಾಗ ನನ್ನ ಎದೆ ಚೆನ್ನಾಗಿತ್ತು. ಎದೆಗೆ ತಂತಿ ಅಂಟಿಸಿ ಚೀಟಿ ತೆಗೆದರು, ಎಲ್ಲ ಸರಿ ಅಂತ ಬಂತು. ಎದೆಬಡಿತ ಬರೆದುಕೊಳ್ಳುವ ಒಂದು ಪೆಟ್ಟಿಗೆಯನ್ನು ಮೈಗೆ ಕಟ್ಟಿ ಒಂದು ದಿನ ಇಟ್ಟುಕೊಂಡಿರಿ ಅಂತ ಮನೆಗೆ ಕಳಿಸಿದರು. ಆ ದಿನ ಪೂರ್ತಿ ನನ್ನ ಎದೆ ಮದುವೆಮನೆಗೆ ಬಂದ ಬೀಗಿತ್ತಿಯ ಹಾಗೆ ಮರ್ಯಾದೆಯಿಂದ ನಡೆದುಕೊಂಡಿತು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಪೆಟ್ಟಿಗೆಯಲ್ಲಿ ಬಂದದ್ದನ್ನು ನೋಡಿ ಹೇಳಿದಳು:

"ಅಜ್ಜಿ, ನಂಗೊಂದು ಅನುಮಾನ ಇದೆ. ಆದ್ರೆ ಅದು ಬಂದಾಗ್ಲೇ ಹಿಡೀಬೇಕು. ಹೋದ್ಮೇಲೆ ಗುರುತೇ ಇರಲ್ಲ."

"ಹಿಡೀದಿದ್ರೆ?"

"ಅನುಮಾನ ನಿಜ ಆಗಿದ್ರೆ ಒಳಗೆ ರಕ್ತ ಹೆಪ್ಪುಗಟ್ಟಬಹುದು. ಅದು ತಲೆಗೆ ಹೋಗಬಹುದು."

ಆಮೇಲೆ ಅವಳು ಹೇಳಿದ್ದು ನನಗೆ ಕೇಳಿಸಲಿಲ್ಲ. ಅನುಗೊಂಡನಹಳ್ಳಿಯಲ್ಲಿ ನನ್ನ ಅಕ್ಕನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಅನ್ನ ಕಲಸಿ ಬಾಯಿಗಿಟ್ಟರೆ ಅರ್ಧ ಸೆರಗಿಗೆ. ಅವಳೂ ಮೊದಮೊದಲು ಹೊಟ್ಟೆ ಉಬ್ಬರ ಅಂತಲೇ ಓಮದ ನೀರು ಕುಡಿದಿದ್ದಳು.

ಮನೆಗೆ ಬರುವಾಗ ಟೆಂಪೊದಲ್ಲಿ ಮಗ ಶುರು ಮಾಡಿದ.

"ಎದೇನೇ ಸರಿಯಿಲ್ಲ ಅಂದ್ಮೇಲೆ ಹಸು ಯಾಕಮ್ಮಾ?"

"ಹಸು ಇಲ್ಲ ಅಂದ್ಮೇಲೆ ಎದೆ ಯಾಕಪ್ಪಾ?"

"ತಮಾಷೆ ಬ್ಯಾಡ. ಕೆಲಸ ಮಾಡೋವಾಗ ಹಂಗಾಗ್ತೈತೆ ಅಂತ ಗೊತ್ತಾದ ದಿನ ಎರಡನ್ನೂ ಕೊಟ್ಬಿಡ್ತೀನಿ."

"ಗೊತ್ತಾಗ್ಲಿ, ಆಮೇಲ್ ಮಾತಾಡು."

ಹೀಗೆ ನನ್ನ ಹಸುಗಳ ಹಣೆಬರಹ ನನ್ನ ಎದೆಗೆ ಬಂದು ನಿಂತಿತು. ಎದೆಯ ಕಥೆ ಹೇಳುವುದಕ್ಕೆ ವಾಚುಗಳು ಬಂದವು.

ಮೊದಲು ಬಂದದ್ದು ಮಗನ ಪಟ್ಟಿ. ಅದು ಬಂದ ಸುದ್ದಿ ಅರಿಶಿನಕುಂಟೆಯಲ್ಲಿರುವ ಮಗಳು ಜಯಳಿಗೆ ಫೋನಿನಲ್ಲಿ ಮುಟ್ಟಿತು. ಮುಂದಿನ ಭಾನುವಾರವೇ ಬಂದಳು. ಅವಳ ಗಂಡ ಹೈವೇ ಪಕ್ಕದ ಗೋಡೌನಿನಲ್ಲಿ ಸೂಪರ್‌ವೈಸರು. ಅವನು ಕಟ್ಟಿಕೊಳ್ಳುತ್ತಿದ್ದ ವಾಚನ್ನೂ ಅದರ ಜೊತೆಗೆ ಬೇಕಾಗುವ ಒಂದು ಹಳೇ ಫೋನನ್ನೂ ತಂದಿದ್ದಳು.

"ಅವನು ತಂದಿದ್ದು ಮಕ್ಕಳ ಆಟದ ಸಾಮಾನು ಕಣಮ್ಮ. ಇದು ನೋಡು, ಇಸಿಜಿನೇ ತೆಗೀತದೆ."

ರಾಮಾಂಜಿ ಕೆಂಪಗಾದ. "ಅಕ್ಕಾ, ಅಮ್ಮಂಗೆ ಬೇಕಿರೋದು ಎದೆ ನೋಡೋಕೆ. ಷೋಕಿ ಮಾಡೋಕಲ್ಲ."

"ಅಮ್ಮನ ಎದೆಗಿಂತ ನಿಂಗೆ ದುಡ್ಡು ಹೆಚ್ಚಾ?"

"ಭಾವ ಹಳೇದನ್ನ ಯಾಕೆ ಬಿಟ್ಕೊಟ್ಟ, ಅದು ಹೇಳು ಮೊದ್ಲು."

ಅದು ನನಗೂ ಬಂದ ಅನುಮಾನವೇ. ಅಳಿಯ ಒಳ್ಳೆಯವನು, ಆದರೆ ಸರಿಯಿರುವ ವಸ್ತುವನ್ನು ಕೈಯಿಂದ ಬಿಚ್ಚಿ ಕೊಡುವವನಲ್ಲ. ಇಬ್ಬರನ್ನೂ ಸುಮ್ಮನಾಗಿಸುವುದಕ್ಕೆ ಎರಡನ್ನೂ ಕಟ್ಟಿಕೊಂಡೆ. ಬಳೆಗಳನ್ನು ಮೇಲಕ್ಕೆ ತಳ್ಳಿದೆ. ಎರಡರ ಹೊಟ್ಟೆಯಲ್ಲೂ ಹಸಿರು ದೀಪ, ಚರ್ಮಕ್ಕೆ ಅಂಟಿಕೊಂಡು ಮಿಣುಕುತ್ತದೆ. ಎದೆ ಇರುವುದು ಎಲ್ಲಿ, ಇವು ದೀಪ ಹಿಡಿದು ಹುಡುಕುವುದು ಎಲ್ಲಿ! ಅದರ ಮೇಲೆ, ನನ್ನ ಎದೆ ಜೋರಾದರೆ ಜಯಳ ಫೋನಿಗೂ ಸುದ್ದಿ ಹೋಗುವ ಹಾಗೆ ಮಾಡಿಟ್ಟಳು. ಅಂದರೆ ಬಲಗೈಯಲ್ಲಿ ಇರುವುದು ವಾಚಲ್ಲ, ಚಾಡಿಕೋರ.

ಮೊದಲು ಪಟ್ಟಿಯನ್ನು ಪರೀಕ್ಷೆ ಮಾಡಿದೆ. ಹಿತ್ತಲಿನಿಂದ ಎಳೇ ಸೋರೆಕಾಯಿ ತಂದು ಅದರ ಕುತ್ತಿಗೆಗೆ ಬಿಗಿಯಾಗಿ ಕಟ್ಟಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಅದು ಎಪ್ಪತ್ತೆರಡು ಅಂತ ತೋರಿಸಿತು.

"ರಾಮಾಂಜಿ, ಬಾರಪ್ಪಾ ಇಲ್ಲಿ."

ಬಂದು ನೋಡಿದ. "ಏನಮ್ಮಾ ಇದು! ಸೋರೆಕಾಯಿಗ್ಯಾಕೆ ಕಟ್ಟಿದೀಯ?"

"ಸೋರೆಕಾಯಿಗೂ ಎದೆ ಐತಪ್ಪಾ. ನನಗಿಂತ ಚೆನ್ನಾಗೈತೆ. ಸಂಜೆ ಪಲ್ಯ ಮಾಡೋಕೆ ನಂಗೆ ಮನಸ್ಸು ಬರಲ್ಲ."

ಮಂಜುಳ ಒಲೆ ಮುಂದೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಜಯಳ ವಾಚನ್ನೂ ಕಟ್ಟಿ ನೋಡಿದೆ. ಅದು ಸೋರೆಕಾಯಿಯ ಎದೆ ಹುಡುಕಲಿಲ್ಲ, ಇದು ಮನುಷ್ಯರ ಕೈಯಲ್ಲ ಅಂತ ಬೀಗ ಹಾಕಿಕೊಂಡು ಕೂತಿತು. ಇದು ಸ್ವಲ್ಪ ಜಾತಿವಂತ ಅಂದುಕೊಂಡೆ. ಹಾಗಂದುಕೊಂಡದ್ದೇ ತಪ್ಪಾಯಿತು.

ಒಂದು ಸಂಜೆ ಚುಕ್ಕಿಯನ್ನು ಕರೆದು ಮುಗಿಸಿ ಕೆಂಪಿಯ ಹತ್ತಿರ ಕೂತಿದ್ದೆ. ಬಲಗೈಯ ವಾಚು ಜುಂ ಅಂದಿತು. ಕೈ ಬಿಡುವ ಹೊತ್ತಲ್ಲ, ಬಿಡಲಿಲ್ಲ. ಮನೆಯೊಳಗೆ ಫೋನು ಬಡಿದುಕೊಳ್ಳತೊಡಗಿತು. ಮಂಜುಳ ಫೋನು ಹಿಡಿದುಕೊಂಡೇ ಕೊಟ್ಟಿಗೆಗೆ ಓಡಿ ಬಂದಳು. ಫೋನಿನೊಳಗೆ ಜಯ ಕೂಗುತ್ತಿದ್ದಳು.

"ಅಮ್ಮಾ! ಏನಾಗ್ತೈತಮ್ಮಾ? ನೂರ ನಲವತ್ತು ತೋರಿಸ್ತೈತೆ!"

"ಏನೂ ಆಗ್ತಿಲ್ಲ ಕಣೇ. ಹಾಲ್ ಕರೀತಿದೀನಿ."

"ಸುಮ್ನೆ ಕೂತಿರೋವಾಗ ಹಿಂಗಾಗ್ತೈತೆ ಅಂತ ಬಂದೈತೆ!"

"ಯಾರೇ ಸುಮ್ನೆ ಕೂತಿರೋದು?"

ನನಗೆ ಮೈ ಉರಿಯಿತು. ಎರಡು ಕೈಯಲ್ಲಿ ಎರಡು ಮೊಲೆ ಹಿಡಿದು ಹಿಂಡುತ್ತಿದ್ದೇನೆ, ಬಕೆಟ್ಟಿನಲ್ಲಿ ನೊರೆ ಏಳುತ್ತಿದೆ. ಕಾಲು ನಡೆದಿಲ್ಲ ಅಂತ ಆ ವಾಚಿನ ಲೆಕ್ಕದಲ್ಲಿ ನಾನು ಸುಮ್ಮನೆ ಕೂತವಳು. ಎಡಗೈಯ ಪಟ್ಟಿ ನೋಡಿದೆ, ತೊಂಬತ್ತು ಚಿಲ್ಲರೆ ತೋರಿಸುತ್ತಿತ್ತು. ಒಂದೇ ಎದೆ, ಎರಡು ಸಾಕ್ಷಿ, ಎರಡು ಮಾತು. ಆದರೆ ದೊಡ್ಡದರ ಮಾತೇ ನಡೆಯಿತು. ಕೆಂಪಿಯನ್ನು ಅರ್ಧಕ್ಕೇ ಬಿಡಿಸಿ ನನ್ನನ್ನು ಟೆಂಪೊ ಹತ್ತಿಸಿದರು. ಟೊಮೆಟೊ ಕ್ರೇಟುಗಳ ಮುಂದೆ, ಸಗಣಿ ಕಾಲಿನಲ್ಲೇ ಹೋದೆ.

ಆಸ್ಪತ್ರೆಯಲ್ಲಿ ತುಂಬ ಹೊತ್ತು ಕಾಯಿಸಿದರು. ಅಲ್ಲಿ ಕೂತ ಪ್ರತಿಯೊಬ್ಬರೂ ಪಕ್ಕದವರ ಮುಖ ನೋಡಿ ತಮಗಿಂತ ಇವರಿಗೆ ಹೆಚ್ಚಾಗಿದೆಯೋ ಕಡಿಮೆಯೋ ಅಂತ ಅಳೆಯುತ್ತಿರುತ್ತಾರೆ. ನಾನೂ ಅಳೆದೆ. ಪಕ್ಕದಲ್ಲಿದ್ದ ಮುದುಕ ನನ್ನ ಎರಡು ಕೈ ನೋಡಿ ಕೇಳಿದ:

"ಏನಕ್ಕಾ, ವಾಚಿನಂಗ್ಡಿನಾ?"

"ಇಲ್ಲ ಕಣಣ್ಣ. ಎರಡು ಮಕ್ಕಳು."

ಅವನಿಗೆ ಅರ್ಥವಾಯಿತು. ತನ್ನ ಚೀಲದಿಂದ ಒಂದು ಕಿತ್ತಳೆ ತೆಗೆದು ಅರ್ಧ ಬಿಡಿಸಿ ಕೊಟ್ಟ. ಅವತ್ತು ನನ್ನ ಬಾಯಿಗೆ ಬಿದ್ದ ಒಳ್ಳೆಯದು ಅದೊಂದೇ.

ಚೀಟಿ ಮತ್ತೆ ಸರಿ ಅಂತ ಬಂತು. ಅವತ್ತು ಆ ಹೆಣ್ಣು ಡಾಕ್ಟರಿರಲಿಲ್ಲ, ಬೇರೆಯವರಿದ್ದರು. ಮೊದಲು ಮಗಳು ಫೋನಿನಲ್ಲಿ ಹೇಳಿದ್ದನ್ನು ಕೇಳಿದರು. ನಾನು "ಹಾಲು" ಅನ್ನುವಷ್ಟರಲ್ಲಿ ಹೊರಗೆ ಇನ್ನೊಬ್ಬರನ್ನು ಸ್ಟ್ರೆಚರಿನಲ್ಲಿ ತಂದರು. "ಸದ್ಯಕ್ಕೆ ಶ್ರಮ ಕಡಿಮೆ ಮಾಡ್ಲಿ" ಅಂದು ಎದ್ದು ಓಡಿದರು. ಅವರನ್ನು ಬೈಯುವುದಿಲ್ಲ. ಆದರೆ ಆ ಒಂದು ಮಾತು ನನ್ನ ಮಗನಿಗೆ ಸಾಕಾಯಿತು. ಮನೆ ಮುಟ್ಟುವ ಮೊದಲೇ ದಲ್ಲಾಳಿಗೆ ಫೋನು ಮಾಡಿದ. ನಾಳಿದ್ದು ಬಂದು ಎರಡು ಹಸುವನ್ನೂ ನೋಡುತ್ತೇನೆ ಅಂದನಂತೆ.

ನಾನು ಅಳಲಿಲ್ಲ. ಯೋಚನೆ ಮಾಡಿದೆ. ನಾನು ಕರೆಯುವಾಗ ನನ್ನ ಎದೆ ಹೇಗಿರುತ್ತದೆ ಅಂತ ನನಗೆ ಗೊತ್ತು. ಹಸುವಿನ ಹೊಟ್ಟೆಗೆ ಹಣೆ ಆನಿಸಿ ಕೂತಾಗ ಇರುವಷ್ಟು ತಣ್ಣಗೆ ನಾನು ಬೇರೆಲ್ಲೂ ಇರುವುದಿಲ್ಲ. ಗೋಣಿಚೀಲದ ಕೋಳಿ ಅಲ್ಲಿ ಒಂದು ದಿನವೂ ಎದ್ದಿಲ್ಲ. ಹಾಗಾದರೆ ಆ ನೂರ ನಲವತ್ತು ಯಾರದ್ದು?

ಮಾರನೇ ದಿನ ಬೆಳಿಗ್ಗೆ ಮಂಜುಳ ಕೆಲಸಕ್ಕೆ ಹೊರಡುವ ಮೊದಲು ಅವಳನ್ನು ಕೊಟ್ಟಿಗೆಗೆ ಕರೆದೆ. ಅವಳ ಬಲಗೈಗೆ ವಾಚು ಕಟ್ಟಿದೆ.

"ಕೆಂಪೀನ ನೀನು ಕರಿ."

"ಬಸ್ ಹೋಗ್ತದತ್ತೆ."

"ಹಸುಗಳೇ ಹೋಗ್ತವೆ ಕಣೇ. ಕೂತ್ಕೊ."

ಕೂತಳು. ಅವಳಿಗೆ ಕರೆಯಲು ಬರುತ್ತದೆ, ತವರಿನಲ್ಲಿ ಕರೆದವಳು. ಮೊದಲು ನೋಡಿದಾಗ ಎಂಬತ್ತೇನೋ ಇತ್ತು. ಕೈ ಓಟಕ್ಕೆ ಬಿದ್ದಂತೆ ನೂರು ದಾಟಿತು, ನೂರಿಪ್ಪತ್ತಾಯಿತು, ನೂರ ಮೂವತ್ತೆಂಟಕ್ಕೆ ಹೋಯಿತು. "ಈಗ ಬಿಡು" ಅಂದೆ. ಬಿಟ್ಟಳು. ಸ್ವಲ್ಪ ಹೊತ್ತಿಗೆ ಮತ್ತೆ ಎಂಬತ್ತಕ್ಕೆ ಬಂದು ಕೂತಿತು. ರಾಮಾಂಜಿಯನ್ನು ಕೂಗಿ ಕರೆದು, ಅವನ ಕಣ್ಣ ಮುಂದೆ ಇನ್ನೊಂದು ಸಾರಿ ಕರೆಸಿದೆ. ಮತ್ತೆ ಅದೇ ಏರಿತು, ಅದೇ ಇಳಿಯಿತು.

ಅವನು ಹೆಂಡತಿಯ ಮುಖ ನೋಡಿದ. "ಹಂಗಾರೆ ನಿಂಗೂ ಹಾರ್ಟ್ ಪ್ರಾಬ್ಲಮ್ಮಾ?"

"ನಂಗಿಲ್ಲ. ನಿಮ್ಮಕ್ಕನ ವಾಚಿಗೈತೆ."

ಅದು ಹಿಂಡುವ ಕೈಯ ಓಟವನ್ನು ಎದೆಯ ಓಟ ಅಂತ ಎಣಿಸುತ್ತಿತ್ತು. ಆಮೇಲೆ ಡಾಕ್ಟರನ್ನು ಕೇಳಿದಾಗ ಅವಳೂ ಹಾಗಾಗುವುದುಂಟು ಅಂದಳು. ದಲ್ಲಾಳಿಗೆ ಬರಬೇಡ ಅಂತ ಫೋನು ಹೋಯಿತು. ನಾನು ವಾಚನ್ನು ಬಿಚ್ಚಿ ರಾಗಿಹಿಟ್ಟಿನ ಡಬ್ಬದ ಮೇಲೆ ಎಸೆದೆ. ಚಾರ್ಜು ಮಾತ್ರ ಮಂಜುಳ ಹಾಕಿಡುತ್ತಿದ್ದಳು, ಯಾಕೆ ಅಂತ ನಾನು ಕೇಳಲಿಲ್ಲ. ಪಟ್ಟಿ ಕೈಯಲ್ಲೇ ಇತ್ತು. ಅದರ ಮಾತನ್ನು ಯಾರೂ ಕೇಳುತ್ತಿರಲಿಲ್ಲವಾದ್ದರಿಂದ ಅದರಿಂದ ತೊಂದರೆಯಿರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಗೆದ್ದೆ ಅಂತ ಬರೆಯಬಹುದಿತ್ತು.

ಅವರೆಕಾಯಿ ಕಾಲ. ಒಂದು ಭಾನುವಾರ ಮಧ್ಯಾಹ್ನ ನಾನೂ ಮಂಜುಳಾನೂ ಜಗಲಿ ಮೇಲೆ ಕೂತು ಕಾಯಿ ಸುಲಿಯುತ್ತಿದ್ದೆವು. ಸೊಗಡಿನ ಕಾಯಿ, ಬೆರಳೆಲ್ಲ ಅಂಟು. ಕೋಳಿ ಎದ್ದಿತು. ಈ ಸಾರಿ ಜೋರಾಗಿ. ಗೋಣಿಚೀಲವನ್ನೇ ಹರಿಯುವ ಹಾಗೆ. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಹಸು ಹೋಗುತ್ತವೆ. ತಲೆ ತಗ್ಗಿಸಿ ಸುಲಿಯುತ್ತಲೇ ಇದ್ದೆ. ಆದರೆ ಕಾಳನ್ನು ಸಿಪ್ಪೆಯ ಗುಡ್ಡೆಗೆ, ಸಿಪ್ಪೆಯನ್ನು ಕಾಳಿನ ಮೊರಕ್ಕೆ ಹಾಕುತ್ತಿದ್ದೆನಂತೆ. ಮಂಜುಳ ಮೊರ ನೋಡಿದಳು, ನನ್ನ ಮುಖ ನೋಡಿದಳು, ಎದ್ದು ಒಳಗೆ ಹೋಗಿ ವಾಚು ತಂದಳು.

"ಕೈ ಕೊಡಿ ಅತ್ತೆ."

"ಆ ಸುಳ್ಳುಬುರುಕನ್ನಾ? ತೆಗಿಯೇ ಅತ್ಲಾಗೆ. ನೀನೇ ನೋಡಿದ್ಯಲ್ಲ ಅದರ ಹಣೆಬರಹಾನ."

"ನೋಡಿದೀನಿ. ಹಾಲು ಕರೀವಾಗ ಸುಳ್ಳು ಹೇಳ್ತು. ಈಗ ನೀವು ಹಾಲು ಕರೀತಿಲ್ಲ. ಈಗ ನಿಜವಾಗ್ಲೂ ಸುಮ್ನೆ ಕೂತಿದೀರ."

ಎಡಗೈಯ ಪಟ್ಟಿ ನೋಡಿದೆ, ಎಂಬತ್ತರ ಮೇಲೆ ಸ್ವಲ್ಪ. ಏನೂ ಆಗಿಲ್ಲ ಅನ್ನುವ ಹಾಗೆ. ಅದರ ಮಾತು ನನಗೆ ಬಲು ಹಿತವಾಗಿತ್ತು. ಹಿತವಾಗಿದೆ ಅನ್ನುವುದಕ್ಕೇ ಅನುಮಾನ ಬಂತು. ಓಮದ ನೀರೂ ಹಿತವಾಗಿಯೇ ಇತ್ತು, ಅಕ್ಕನಿಗೂ, ನನಗೂ. ಕೈ ಕೊಟ್ಟೆ.

ವಾಚಿನ ಪಕ್ಕದಲ್ಲಿ ಒಂದು ಗುಂಡಿ ಇರುತ್ತದೆ. ಇನ್ನೊಂದು ಕೈಯ ಬೆರಳನ್ನು ಅದರ ಮೇಲಿಟ್ಟು ಅಲುಗಾಡದೆ ಕೂರಬೇಕು. ಮೊದಲ ಸಾರಿ ಏನೂ ಬರಲಿಲ್ಲ. ನನ್ನ ಬೆರಳು ಒಡೆದು ಒಣಗಿದ್ದವು, ಮೇಲೆ ಅವರೆಯ ಅಂಟು. ಮಂಜುಳ ಸೋಪು ಹಾಕಿ ಬೆರಳು ತೊಳೆದು, ಪಸೆ ಇರುವ ಹಾಗೆ ಒರೆಸಿ ಮತ್ತೆ ಇಟ್ಟಳು. ಕೈಯನ್ನು ತೊಡೆಯ ಮೇಲೆ ಹಿಡಿದು ಕೂತಳು. ಗಾಜಿನ ಮೇಲೆ ಗೆರೆ ಓಡಿತು. ಹಲ್ಲು ಉದುರಿದ ಬಾಚಣಿಗೆಯ ಹಾಗೆ ಒಂದು ಇಲ್ಲಿ, ಎರಡು ಅಲ್ಲಿ. ಗೆರೆ ಓದಲು ಬಾರದ ನನಗೂ ಅದು ಸರಿಯಿಲ್ಲ ಅಂತ ಕಂಡಿತು. ಆಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು. ಅದನ್ನು ಓದುತ್ತಾ ಮಂಜುಳ ಗಂಡನನ್ನು ಕೂಗಿದಳು.

ರಾಮಾಂಜಿ ಓಡಿ ಬಂದು ಟೆಂಪೊ ತೆಗೆದ. ದಾರಿಯುದ್ದಕ್ಕೂ ಕೋಳಿ ನಿಲ್ಲಲಿಲ್ಲ. ನಿಲ್ಲದಿರಲಿ ಅಂತ ಮೊದಲ ಸಲ ಬೇಡಿಕೊಂಡೆ. ಆಸ್ಪತ್ರೆಯಲ್ಲಿ ವಾಚಿನಿಂದ ಫೋನಿಗೆ ಬಂದಿದ್ದ ಗೆರೆ ತೋರಿಸಿದೊಡನೆ ಒಳಗೆ ಕರೆದರು, ಅವರದೇ ತಂತಿ ಅಂಟಿಸಿದರು. ಆ ಹೆಣ್ಣು ಡಾಕ್ಟರೇ ಇದ್ದಳು. ಚೀಟಿ ಹೊರಗೆ ಬರುತ್ತಿದ್ದಂತೆ ಹರಿಯುವವರೆಗೂ ಕಾಯದೆ ಬಗ್ಗಿ ನೋಡಿದಳು.

"ಸಿಕ್ತು ಅಜ್ಜಿ. ಇದೇ."

ನನ್ನನ್ನು ಎರಡು ದಿನ ಇಟ್ಟುಕೊಂಡರು. ಜಯ ಬಂದಳು. ಬಂದವಳು "ನೋಡ್ದೇನೋ ನಮ್ಮ ವಾಚು" ಅಂತ ತಮ್ಮನಿಗೆ ಹೇಳುತ್ತಾಳೆ ಅಂದುಕೊಂಡಿದ್ದೆ. ಹೇಳಲಿಲ್ಲ. ನನ್ನ ಕಾಲ ಹತ್ತಿರ ಕೂತು ಹಿಮ್ಮಡಿಯ ಬಿರುಕಿಗೆ ಎಣ್ಣೆ ಹಚ್ಚಿದಳು. ತಮ್ಮ ಕಾಫಿ ತಂದುಕೊಟ್ಟ. ಹೊರಡುವ ದಿನ ಡಾಕ್ಟರು ರಕ್ತ ಹೆಪ್ಪುಗಟ್ಟದ ಮಾತ್ರೆ ಬರೆದು, ಒಂದು ಹೊತ್ತೂ ತಪ್ಪಿಸಬೇಡಿ ಅಂದಳು.

"ಹಾಲು ಕರೀಬೌದಾ ತಾಯಿ?"

"ಕರೀಬಹುದು. ಆದ್ರೆ ಈ ಮಾತ್ರೆ ತಗೊಳ್ಳೋವಾಗ ಪೆಟ್ಟಾದ್ರೆ ರಕ್ತ ಬೇಗ ನಿಲ್ಲಲ್ಲ. ಕುಡುಗೋಲಲ್ಲಿ ಜೋಪಾನ. ಹಸು ಒದೆಯಲ್ಲ ತಾನೇ?"

ರಾಮಾಂಜಿ ನನ್ನ ಕಡೆ ನೋಡಿದ. ಇಲ್ಲ ಅನ್ನುವುದು ನನ್ನ ನಾಲಗೆಯ ತುದಿಗೆ ಬಂದಿತ್ತು. ಅವನು ನನ್ನ ಮಾತಿಗೆ ಅಡ್ಡ ಬರುತ್ತಿರಲಿಲ್ಲ ಅಂತಲೂ ಗೊತ್ತಿತ್ತು.

"ಒಂದು ಒದೀತದೆ" ಅಂದೆ.

ಚುಕ್ಕಿಯನ್ನು ಕೊಟ್ಟೆವು. ನಮ್ಮೂರಲ್ಲೇ, ಮಿಷನ್ನಿನಲ್ಲಿ ಹಾಲು ಕರೆಯುವವರಿಗೆ. ಮಿಷನ್ನನ್ನು ಒದೆಯಲಿ, ಅದಕ್ಕೆ ರಕ್ತ ಬರುವುದಿಲ್ಲ. ಡೇರಿಗೆ ಹೋಗುವಾಗ ಅವರ ಮನೆ ಮುಂದೆಯೇ ದಾರಿ. ನನ್ನನ್ನು ಕಂಡರೆ ಕೂಗುತ್ತಾಳೆ. ಹಿಂಡಿ ತಂದಿದ್ದೇನೆ ಅಂದುಕೊಂಡಿರಬೇಕು.

ಈಗ ಯಾವ ವಾಚು ಮೇಲು ಅಂದರೆ ನಾನು ಹೇಳುವುದು ಇಷ್ಟು. ಮೊದಲು ಡಾಕ್ಟರನ್ನು ಕೇಳಿ, ಮಕ್ಕಳನ್ನಲ್ಲ. ಮಕ್ಕಳು ವಾಚು ತರುವುದಿಲ್ಲ, ಪೈಪೋಟಿ ತರುತ್ತಾರೆ. ಬಂದು ಬಂದು ಹೋಗುವ ಒದ್ದಾಟವನ್ನು ಡಾಕ್ಟರು ಹುಡುಕುತ್ತಿದ್ದರೆ ಗೆರೆ ಎಳೆಯುವ ದೊಡ್ಡ ವಾಚು ಉಪಯೋಗಕ್ಕೆ ಬರಬಹುದು. ನನಗೆ ಬಂತು, ಒಂದೇ ಒಂದು ಮಧ್ಯಾಹ್ನ. ಬರೀ ಬಡಿತ ಎಣಿಸುವುದಕ್ಕೆ ಚಿಕ್ಕ ಪಟ್ಟಿ ಸಾಕು, ಅದು ಸೋರೆಕಾಯಿಗೂ ಎಣಿಸುತ್ತದೆ ಅನ್ನುವುದು ನೆನಪಿರಲಿ. ಕಾಯಿಲೆಯೇ ಇಲ್ಲದವರು ಯಾವುದನ್ನೂ ಕಟ್ಟಿಕೊಳ್ಳಬೇಡಿ, ಇಲ್ಲದ ಕಾಯಿಲೆ ಬರುತ್ತದೆ. ಎದೆ ಒದ್ದಾಡುತ್ತಿರುವಾಗ ವಾಚು ಏನಿಲ್ಲ ಅಂದರೂ ಆಸ್ಪತ್ರೆಗೆ ಹೋಗಿ. ನಿಮ್ಮ ಬಾಯಿ ಏನಿಲ್ಲ ಅಂದರೆ ಇನ್ನೂ ಬೇಗ ಹೋಗಿ.

ಪಟ್ಟಿಯನ್ನು ಮಗನ ಕೈಗೇ ಕಟ್ಟಿದೆ. ದೊಡ್ಡದನ್ನು ಇಟ್ಟುಕೊಂಡಿದ್ದೇನೆ. ಇನ್ನೂ ನಂಬಿಲ್ಲ, ಇಟ್ಟುಕೊಂಡಿದ್ದೇನೆ ಅಷ್ಟೆ. ಕೆಂಪಿಯ ಹತ್ತಿರ ಕೂರುವ ಮೊದಲು ಅದನ್ನು ಬಿಚ್ಚಿ ಕೊಟ್ಟಿಗೆಯ ಮೊಳೆಗೆ ಸಿಕ್ಕಿಸುತ್ತೇನೆ. ಕರೆದು, ಡೇರಿಗೆ ಹಾಕಿ, ಮಾತ್ರೆ ನುಂಗಿ, ಕಾಫಿ ಲೋಟ ಹಿಡಿದು ಜಗಲಿಗೆ ಬಂದ ಮೇಲೆ ಮತ್ತೆ ಕಟ್ಟಿಕೊಳ್ಳುತ್ತೇನೆ. ಆಗ ಅದು ನಾನು ಸುಮ್ಮನೆ ಕೂತಿದ್ದೇನೆ ಅಂದರೆ ಒಪ್ಪಿಕೊಳ್ಳುತ್ತೇನೆ.